ಬೀಬಿಗೆ ಹೇಳಿದ ಒಂದು ಪದ

"ಮಾದರ್ ಜಾನ್..." ಎಂದು ಶುರುವಾಗುತ್ತಿತ್ತು ಆ ದನಿ. ಗೋಡೆಯಾಚೆ, ಮಧ್ಯಾಹ್ನ ಎರಡರ ಸುಮಾರಿಗೆ, ನಾನು ಊಟ ಮುಗಿಸಿ ಕ್ರಾಸ್‌ವರ್ಡ್ ಹಿಡಿದು ಕೂತಾಗ. ಹೆಣ್ಣುಮಗಳ ದನಿ, ಸ್ವಲ್ಪ ನೆಗಡಿಯಾದಂತಿದ್ದದ್ದು. ನಡುವೆ ಒಂದು ಕಡೆ ನಗು, ಹಿಂದೆಲ್ಲೋ ಹಣ್ಣು ಮಾರುವವನ ಕೂಗು, ಕೊನೆಗೆ ಎರಡು ಮಕ್ಕಳು ಒಟ್ಟಿಗೆ ಚೀರಿ ಹೇಳುವ ಏನೋ ಒಂದು. ಮುಗಿದ ಮೇಲೆ ಅರ್ಧ ನಿಮಿಷ ಮೌನ. ಮತ್ತೆ "ಮಾದರ್ ಜಾನ್..." ಅದೇ ಜಾಗದಲ್ಲಿ ಅದೇ ನಗು, ಅದೇ ಹಣ್ಣಿನವನು. ಅಮೆರಿಕದ ಅಪಾರ್ಟ್‌ಮೆಂಟಿನ ಗೋಡೆಗಳು ರಟ್ಟಿನಷ್ಟು ತೆಳು. ಫ್ರೀಮಾಂಟಿನ ಆ ಎರಡನೇ ಮಹಡಿಯಲ್ಲಿ ಕೂತು, ಒಂದಕ್ಷರ ತಿಳಿಯದ ಭಾಷೆಯ ವಾಯ್ಸ್ ಮೆಸೇಜುಗಳನ್ನು ನಾನು ಬಾಯಿಪಾಠ ಮಾಡಿಬಿಟ್ಟಿದ್ದೆ.

ಅದು ಪಕ್ಕದ ಮನೆಯ ಬೀಬಿಯ ಮಗಳ ದನಿ; ಮಾದರ್ ಜಾನ್ ಎಂದರೆ ಅಮ್ಮಾ ಎಂದು ಆಮೇಲೆ ತಿಳಿಯಿತು. ಹೋದ ವಾರ ಸ್ಯಾಕ್ರಮೆಂಟೊದಿಂದ ಬೀಬಿಯ ಸೊಸೆ ಫೋನ್ ಮಾಡಿ, "ಆಂಟಿ, ಬೀಬಿ ಹೋಗಿಬಿಟ್ಟರು" ಎಂದಳು. ಅಂದಿನಿಂದ ಬರೆಯಬೇಕೆಂದು ಕೂರುವುದು, ಏಳುವುದು ನಡೆದಿದೆ. ಬೀಬಿ ಎಂದು ಎಲ್ಲರೂ ಕರೆಯುತ್ತಿದ್ದುದು. ನಿಜವಾದ ಹೆಸರು ನನಗೆ ಗೊತ್ತು. ಬರೆಯುವುದಿಲ್ಲ. ಆ ಮಗಳು ಇಸ್ಲಾಮಾಬಾದಿನಲ್ಲಿ ಇನ್ನೂ ಕಾಯುತ್ತಿದ್ದಾಳೆ. ಯಾರ ಕಣ್ಣಿಗೆ ಯಾವ ಹೆಸರು ಬಿದ್ದರೆ ಏನಾಗುತ್ತದೆಯೋ ಈಗಿನ ಕಾಲದಲ್ಲಿ ಹೇಳಲಾಗದು.

ನಮ್ಮ ಪರಿಚಯವಾದದ್ದು ಸ್ಮೋಕ್ ಅಲಾರಮ್ಮಿನ ದೆಸೆಯಿಂದ. ಒಂದು ಬೆಳಿಗ್ಗೆ ಪಕ್ಕದ ಮನೆಯಲ್ಲಿ ಅದು ಕಿವಿ ಹರಿಯುವಂತೆ ಹೊಡೆದುಕೊಳ್ಳತೊಡಗಿತು. ಬಾಗಿಲು ತೆರೆದೇ ಇತ್ತು. ಒಳಗೆ ಬಿಳಿಯ ದುಪಟ್ಟಾ ಹೊದ್ದ ಎತ್ತರದ ಮುದುಕಿಯೊಬ್ಬರು ಪೊರಕೆ ಎತ್ತಿ ಹಿಡಿದು ಸೂರಿನ ಕೆಳಗೆ ನಿಂತಿದ್ದರು. ಒಲೆಯ ಮೇಲೆ ಈರುಳ್ಳಿ ಕರಿಯಾಗುತ್ತಿತ್ತು. ಒಗ್ಗರಣೆ ಹಾಕುವ ಮನೆಯವರಿಗೆಲ್ಲ ಬರುವ ವಿದ್ಯೆ ಅದು: ನಾನು ಒಲೆ ಆರಿಸಿ, ಕಿಟಕಿ ತೆಗೆದು, ಅಲಾರಮ್ಮಿನ ಕೆಳಗೆ ಟವೆಲ್ ಬೀಸಿದೆ. ಸದ್ದು ನಿಂತಿತು. ಅವರು ಪೊರಕೆ ಇಳಿಸಿ, ಎದೆಯ ಮೇಲೆ ಕೈಯಿಟ್ಟು, ಗಂಭೀರವಾಗಿ ಹಿಂದಿಯಲ್ಲಿ ನುಡಿದರು: "ಇವತ್ತು ಈ ಮನೆತನದ ಮರ್ಯಾದೆ ಮಣ್ಣುಪಾಲಾಯಿತು!"

ನಾನು ಬಿದ್ದು ಬಿದ್ದು ನಕ್ಕೆ. ಅವರು ಹಿಂದಿ ಕಲಿತದ್ದು ಕಾಬೂಲಿನಲ್ಲಿ ಟಿವಿ ಸೀರಿಯಲ್ ನೋಡಿ. ಹಾಗಾಗಿ ಅತ್ತೆ ಸೊಸೆಯರ ಜಗಳಕ್ಕೆ ಬೇಕಾದ ವಾಕ್ಯಗಳೆಲ್ಲ ಬರುತ್ತಿದ್ದವು, ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಲು ಬರುತ್ತಿರಲಿಲ್ಲ. ನನ್ನದು ದೂರದರ್ಶನದ ವಾರ್ತೆಯ ಹಿಂದಿ. ಧಾರವಾಡದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಇಂಗ್ಲಿಷಿನ ಉಚ್ಚಾರಕ್ಕೆ ಪೆನ್ಸಿಲ್ಲಿನಿಂದ ಗೆಣ್ಣಿಗೆ ಹೊಡೆಯುತ್ತಿದ್ದರು, ಹಿಂದಿಯನ್ನು ಅವರು ಲೆಕ್ಕಕ್ಕೇ ಇಟ್ಟಿರಲಿಲ್ಲ. ಈ ಎರಡು ಕುಂಟು ಹಿಂದಿಗಳ ಮೇಲೆ ನಮ್ಮ ಸ್ನೇಹ ಮೂರು ವರ್ಷ ನಡೆಯಿತು. ಇಲ್ಲಿ ಅದನ್ನೆಲ್ಲ ಕನ್ನಡಕ್ಕೆ ಇಳಿಸಿದ್ದೇನೆ, ಇಳಿಸುವಾಗ ಸ್ವಲ್ಪ ನೆಟ್ಟಗೂ ಮಾಡಿರಬೇಕು.

ಒಂದು ದಿನ ಅವರಿಗೆ ಬಂದ ಅಂಚೆ ಓದಿಕೊಡುತ್ತಿದ್ದಾಗ ಬಾಯಿತಪ್ಪಿ ಕನ್ನಡದಲ್ಲೇ "ಕಾಗದ" ಎಂದೆ. "ಕಾಗಜ್!" ಎಂದು ಅವರು ನನ್ನ ಕೈ ಹಿಡಿದುಕೊಂಡರು. ಅವರ ಭಾಷೆಯಲ್ಲೂ ಅದೇ. ಮೇಜು ತೋರಿಸಿದರು: ಮೇಜ್. ಕುರ್ಚಿ: ಕುರ್ಸಿ. ಅಲ್ಲಿಂದ ಅದೊಂದು ಆಟವಾಯಿತು. ತಾರೀಖು, ವಕೀಲ, ಜವಾಬು, ಮೊಹರು, ಮಂಜೂರು, ಹಾಜರು, ಗೈರುಹಾಜರು. ಎಲ್ಲ ಸುಲ್ತಾನರ ಕಾಲದ ದಫ್ತರದಿಂದ ಬಂದದ್ದೆಂದು ನನ್ನ ಸೊಸೆ ಫೋನಿನಲ್ಲಿ ಹುಡುಕಿ ಹೇಳಿದಳು. ವಿಚಿತ್ರವೆಂದರೆ ಒಂದಾಗಿದ್ದುದೆಲ್ಲ ಕಚೇರಿಯ ಮಾತು. ಹಸಿವು, ಅಳು, ಬಾಣಂತನ, ಮುದ್ದು, ಇವಕ್ಕೆ ಅವರದೇ ಬೇರೆ, ನಮ್ಮದೇ ಬೇರೆ. ನಾವಿಬ್ಬರೂ ಸೇರಿ ಯಾವ ಸರ್ಕಾರಕ್ಕೆ ಬೇಕಾದರೂ ಒಂದು ಅರ್ಜಿ ಬರೆಯಬಹುದಿತ್ತು, ಬಾಯಾರಿಕೆ ಎನ್ನಲು ಮಾತ್ರ ಕೈಸನ್ನೆ ಬೇಕಾಗುತ್ತಿತ್ತು.

ಕಾಬೂಲಿನಲ್ಲಿ ಅವರು ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ಮುಖ್ಯವಾದದ್ದೇನಾದರೂ ಹೇಳುವ ಮೊದಲು ಎರಡು ಸಲ ಚಪ್ಪಾಳೆ ತಟ್ಟುತ್ತಿದ್ದರು, ನಾನೊಬ್ಬಳೇ ಎದುರಿಗೆ ಕೂತಿದ್ದರೂ. ಯಾರ ಮನೆಗೆ ಹೋದರೂ ಕುರ್ಚಿಯ ತುದಿಯಲ್ಲಿ ಕೂರುವವರು, ಇನ್ನೇನು ಗಂಟೆ ಹೊಡೆಯುತ್ತದೆ, ಏಳಬೇಕು ಎನ್ನುವ ಹಾಗೆ. ಬೆಳಿಗ್ಗೆ ಬಾಲ್ಕನಿಯಲ್ಲಿ ನಿಂತು ಶಾಲೆಗೆ ನಡೆದುಹೋಗುವ ನಮ್ಮ ಕಾಂಪ್ಲೆಕ್ಸಿನ ಮಕ್ಕಳನ್ನು ಬೆರಳು ಮಡಚಿ ಎಣಿಸುತ್ತಿದ್ದರು. ನನ್ನ ಮೊಮ್ಮಗಳು ಬಂದು, "ಅಜ್ಜೀ, ಶಿ ಈಸ್ ಕೌಂಟಿಂಗ್ ಅಸ್ ಅಗೇನ್. ಇಟ್ಸ್ ಕೈಂಡಾ ಕ್ರೀಪಿ. ಬಟ್ ನೈಸ್ ಕ್ರೀಪಿ" ಎಂದಳು. ಒಮ್ಮೆ ನಾನೂ ಜೊತೆಗೆ ನಿಂತು ಎಣಿಸಿದೆ. ಹನ್ನೊಂದು ಮಕ್ಕಳು. ಬೀಬಿಯ ಎಣಿಕೆ ಹದಿಮೂರಕ್ಕೆ ನಿಂತಿತು. ತಪ್ಪಾಯಿತಲ್ಲ ಎಂದೆ. "ಇಲ್ಲ, ಎರಡು ಗೈರುಹಾಜರು," ಎಂದು ಒಳಗೆ ಹೋದರು.

ಆ ಎರಡು ಅವರ ಮೊಮ್ಮಕ್ಕಳು, ಮಗಳ ಮಕ್ಕಳು. ಬೀಬಿಯ ಮಗ ಅಮೆರಿಕದ ಸೈನ್ಯಕ್ಕೆ ದುಭಾಷಿಯಾಗಿ ಕೆಲಸ ಮಾಡಿದವನು. ಯುದ್ಧ ಮುಗಿದು ಎಲ್ಲರೂ ವಿಮಾನ ನಿಲ್ದಾಣಕ್ಕೆ ಓಡಿದ ಆ ದಿನಗಳಲ್ಲಿ ಮಗ, ಸೊಸೆ, ಬೀಬಿ ಗೇಟಿನ ಒಳಗಾದರು. ಮಗಳು, ಅವಳ ಎರಡು ಹೆಣ್ಣುಮಕ್ಕಳು ಜನರ ನೂಕಾಟದಲ್ಲಿ ಹೊರಗೇ ಉಳಿದರು. ಅಳಿಯ ಮೊದಲೇ ತೀರಿಕೊಂಡಿದ್ದ. ಮಗಳು ಆಮೇಲೆ ಹೇಗೋ ಗಡಿ ದಾಟಿ ಇಸ್ಲಾಮಾಬಾದ್ ಸೇರಿ, ಅಲ್ಲೊಂದು ಕೋಣೆ ಹಿಡಿದು, ನಿರಾಶ್ರಿತಳೆಂದು ಅಮೆರಿಕಕ್ಕೆ ಅರ್ಜಿ ಹಾಕಿದಳು. ಇಂಟರ್‌ವ್ಯೂ ಆಯಿತು, ಮೆಡಿಕಲ್ ಆಯಿತು, ಕೇಸು ಮಂಜೂರೂ ಆಯಿತು. ವಿಮಾನದ ದಿನವೂ ಗೊತ್ತಾಯಿತು. ಬೀಬಿ ಮೂವರಿಗೂ ಹಾಸಿಗೆ ಹೊಲಿದು ಇಟ್ಟರು. ಅಷ್ಟರಲ್ಲಿ ಇಲ್ಲಿ ಸರ್ಕಾರ ಬದಲಾಯಿತು, ನಿರಾಶ್ರಿತರನ್ನು ಒಳಗೆ ಬಿಡುವುದು ನಿಂತಿತು, ವಿಮಾನ ರದ್ದಾಯಿತು.

ಆ ತಿಂಗಳುಗಳಲ್ಲಿ ಎಲ್ಲಿ ಹೋದರೂ ಅದೇ ಚರ್ಚೆ. ಟಿವಿಯಲ್ಲಿ, ಲೈಬ್ರರಿಯಲ್ಲಿ, ಪಕ್ಕದ ಡಬ್ಲಿನ್ ಊರಿನಲ್ಲಿ ನಮ್ಮವರ ಪಾಟ್‌ಲಕ್ ಊಟದಲ್ಲಿ ಬಿಸಿಬೇಳೆಭಾತಿನ ಸಾಲಿನಲ್ಲಿ ನಿಂತಾಗಲೂ. ನಮ್ಮ ಮನೆಯ ಊಟದ ಮೇಜೂ ಬಿಡಲಿಲ್ಲ. ನನ್ನ ಮಗ ಕೆಟ್ಟವನಲ್ಲ. ಬೀಬಿಗೆ ಗ್ರೋಸರಿ ತಂದುಕೊಡುತ್ತಿದ್ದವನೇ. ಆದರೆ ಗ್ರೀನ್ ಕಾರ್ಡಿಗೆ ಕಾದೂ ಕಾದೂ ಅವನ ಕೂದಲು ಬೆಳ್ಳಗಾಗಿತ್ತು.

"ನೋಡವ್ವಾ, ಯಾರನ್ನೂ ಬಿಡಬ್ಯಾಡ್ರಿ ಅಂತ ನಾ ಎಲ್ಲಿ ಅಂದೆ? ಲೈನ್ ಅಂದ್ರ ಲೈನ್. ಹದಿಮೂರು ವರ್ಷ ನಿಂತೀನಿ ನಾ. ಅಪ್ಪಾ ತೀರಿಕೊಂಡಾಗ ವಾಪಸ್ ಬರಾಕ ವೀಸಾ ಸ್ಟ್ಯಾಂಪಿಂಗ್ ಸಿಗೂದಿಲ್ಲ ಅಂತ ಊರಿಗೆ ಬರ್ಲಿಲ್ಲ. ಅದನ್ನ ಯಾರರೆ ಕೇಳಿದ್ರೇನು?"

"ಅವರಿಗೂ ಒಂದು ಲೈನ್ ತೋರಸಪಾ, ಅವರೂ ನಿಂದರ್ತಾರ," ಎಂದೆ.

ಅವನು ತಟ್ಟೆಯಲ್ಲಿ ಅನ್ನ ಕಲಸುತ್ತ ಕೂತ. ಅಂದು ನಾನು ಹೇಳಿದ್ದು ಸರಿ ಎಂದೇ ಈಗಲೂ ಅನ್ನಿಸುತ್ತದೆ. ಆದರೆ ಅವನ ಅಪ್ಪನ ಮಾತು ಬಂದಮೇಲೆ ನಾನು ಸುಮ್ಮನಿರಬೇಕಿತ್ತು.

ಇದೇ ಹೊತ್ತಿಗೆ ಬೀಬಿಯ ಮಗಳಿಗೆ ಇನ್ನೊಂದು ದಾರಿ ತೆರೆಯಿತು. ಕೆನಡಾದ ಒಂದು ಸಣ್ಣ ಊರಿನ ಚರ್ಚಿನವರು ಒಂದು ಕುಟುಂಬವನ್ನು ತಾವೇ ಸ್ಪಾನ್ಸರ್ ಮಾಡಿ ಕರೆಸಿಕೊಳ್ಳಲು ಮುಂದೆ ಬಂದಿದ್ದರು. ಈ ಮೂವರ ವಿಷಯ ಅವರ ಕಿವಿಗೆ ಬಿದ್ದು, "ಬರುತ್ತೀರಾ? ತಿಂಗಳೊಳಗೆ ಹೇಳಿ, ಇಲ್ಲವಾದರೆ ಪಟ್ಟಿಯಲ್ಲಿ ಮುಂದಿನವರನ್ನು ಕೇಳುತ್ತೇವೆ" ಎಂದು ಬರೆದಿದ್ದರು. ಬೀಬಿಯ ಮಗ, ಸೊಸೆ ಇಬ್ಬರೂ ಹೋಗಲಿ ಎಂದರು. ಮಗಳು, ತಾಯಿ ಹೇಳಿದಂತೆ ಎಂದಳು. ಬೀಬಿ ಏನೂ ಹೇಳಲಿಲ್ಲ. ಮಧ್ಯಾಹ್ನದ ವಾಯ್ಸ್ ಮೆಸೇಜು ಈಗ ದಿನಕ್ಕೆ ಹತ್ತು ಸಲ ಕೇಳಿಸತೊಡಗಿತು.

ಆ ವಾರವೇ ನಮ್ಮ ಹತ್ತಿರದ ಸಭಾಂಗಣದಲ್ಲಿ, ನಿರಾಶ್ರಿತರ ಪರವಾಗಿ ಊರಿನವರು ಒಂದು ಠರಾವು ಮಾಡಬೇಕೋ ಬೇಡವೋ ಎಂದು ಸಾರ್ವಜನಿಕ ಸಭೆ ಇತ್ತು. ಯಾರು ಬೇಕಾದರೂ ಎರಡು ನಿಮಿಷ ಮಾತಾಡಬಹುದು. ಬೀಬಿ ಮಾತಾಡಬೇಕೆಂದರು. ಅವರ ಮಗನಿಗೆ ಡೆಲಿವರಿ ಕೆಲಸ, ರಜೆ ಸಿಗದು. "ನೀವು ತರ್ಜುಮಾನ್ ಆಗಿ," ಎಂದರು ನನಗೆ. ತರ್ಜುಮೆ! ನಮ್ಮ ಪಟ್ಟಿಗೆ ಇನ್ನೊಂದು ಪದ ಸೇರಿತೆಂದು ನನಗೆ ಹಿಗ್ಗು. ಹಳೆಯ ಕಾಂಜೀವರಂ ಉಟ್ಟು, ಸಿಸ್ಟರುಗಳು ಕಲಿಸಿದ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿಕೊಂಡು ಹೊರಟೆ. ನನ್ನ ಸೊಸೆ ಕಾರಿನಲ್ಲಿ ಬಿಟ್ಟುಹೋದಳು.

ಹೆಸರು ಕರೆದಾಗ ಬೀಬಿ ಎದ್ದುನಿಂತು "ಹಾಜಿರ್!" ಎಂದರು. ಜನ ನಕ್ಕರು, ಪ್ರೀತಿಯಿಂದಲೇ. ಮೈಕಿನ ಮುಂದೆ ಎರಡು ಸಲ ಚಪ್ಪಾಳೆ ತಟ್ಟಿದರು. ಸಭೆ ಗಪ್‌ಚಿಪ್. ಅವರು ಹೇಳಿದ್ದು ಇಷ್ಟು, ನಾನು ಇಂಗ್ಲಿಷಿನಲ್ಲಿ ಹೇಳಿದ್ದೂ ಇಷ್ಟೇ: "ನನ್ನ ಮಗಳನ್ನು ನೀವೇ ಕರೆದಿರಿ. ನೀವೇ ಪರೀಕ್ಷೆ ಮಾಡಿದಿರಿ, ಪಾಸು ಎಂದಿರಿ. ಪಾಸಾದ ಹುಡುಗಿಯನ್ನು ತರಗತಿಯ ಬಾಗಿಲಲ್ಲಿ ನಿಲ್ಲಿಸಿ, ಬಾಗಿಲು ಹಾಕಿದ ಶಾಲೆಯನ್ನು ನಾನು ನೋಡಿಲ್ಲ."

ಆಮೇಲೆ ಬೇರೆಯವರು ಮಾತಾಡಿದರು. ಬಾಡಿಗೆ ಗಗನಕ್ಕೇರಿದೆ, ಇನ್ನೆಷ್ಟು ಜನರನ್ನು ಎಲ್ಲಿ ಇಡುತ್ತೀರಿ ಎಂದು ಒಬ್ಬ ಬಿಳಿಯ ಹೆಂಗಸು ಕೇಳಿದಳು. ಅವಳ ದನಿಯಲ್ಲಿ ದ್ವೇಷವಿರಲಿಲ್ಲ, ದಣಿವಿತ್ತು. ನಮ್ಮವನೇ ಒಬ್ಬ, ನನ್ನ ಮಗನ ವಯಸ್ಸಿನವನು, ಕಾನೂನನ್ನು ಮೊದಲು ಸಾಲಿನಲ್ಲಿ ನಿಂತವರಿಗಾಗಿ ಬದಲಿಸಿ ಎಂದ. ವಿಯೆಟ್ನಾಮಿನಿಂದ ದೋಣಿಯಲ್ಲಿ ಬಂದ ಮುದುಕರೊಬ್ಬರು ಕೋಲೂರಿ ನಿಂತು, "ನನ್ನ ಯುದ್ಧ ಮುಗಿದಾಗಲೂ ಇದೇ ಮಾತು ಕೇಳಿದ್ದೆ. ಕುರ್ಚಿಗಳು ಮಾತ್ರ ಹೊಸವು," ಎಂದು ಕೂತರು. ಕೊನೆಗೆ ವಲಸೆ ಕಾನೂನಿನ ವಕೀಲೆಯೊಬ್ಬಳು ಈಗಿನ ಸ್ಥಿತಿಯನ್ನು ವಿವರಿಸಿದಳು. "ಸಸ್ಪೆಂಡೆಡ್, ನಾಟ್ ಟರ್ಮಿನೇಟೆಡ್," ಎಂದಳು. ಮಂಜೂರಾದ ಫೈಲುಗಳು ಸದ್ಯಕ್ಕೆ ಹಾಗೇ ಇರುತ್ತವೆ, ಎಷ್ಟು ಕಾಲವೆಂದು ಯಾರೂ ಹೇಳಲಾರರು ಎಂದಳು.

"ಏನಂದಳು? ಏನಂದಳು?" ಬೀಬಿ ನನ್ನ ಮೊಣಕೈ ಜಗ್ಗಿದರು.

ಸಸ್ಪೆಂಡ್. ಹಿಂದಿಯಲ್ಲಿ ಏನು? ವಾರ್ತೆಯಲ್ಲಿ ಸಾವಿರ ಸಲ ಕೇಳಿದ ಪದ, ನಾಲಿಗೆಗೆ ಬರಲೊಲ್ಲದು. ಬಂದದ್ದು ಕನ್ನಡ. ತಹಶೀಲ್ದಾರ್ ಅಮಾನತು, ಪಿಎಸ್‌ಐ ಅಮಾನತು, ಎಂದು ದಿನವೂ ಪೇಪರಿನಲ್ಲಿ ಓದಿ ಬೆಳೆದ ಮಾತು. ಕಚೇರಿಯ ಮಾತೆಲ್ಲ ನಮ್ಮಿಬ್ಬರಿಗೂ ಒಂದೇ ತಾನೆ ಎಂಬ ಧೈರ್ಯ ಬೇರೆ. "ಅಮಾನತ್," ಎಂದೆ. "ಫೈಲು ಅಮಾನತ್‌ನಲ್ಲಿ ಇದೆ."

"ಅಮಾನತ್?"

"ಹೌದು, ಅಮಾನತ್."

ಬೀಬಿ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಆಮೇಲೆ, ನಾನು ಅವರನ್ನು ಕಂಡ ಮೇಲೆ ಮೊದಲ ಸಲ, ಕುರ್ಚಿಯಲ್ಲಿ ಬೆನ್ನು ಒರಗಿಸಿ ಕೂತರು. ಸಭೆಯಲ್ಲಿ ಮಾತಾಡಿದ್ದರ ಸಮಾಧಾನ ಎಂದುಕೊಂಡೆ. ಅದರಲ್ಲಿ ನನ್ನ ಪಾಲೂ ಇದೆ ಎಂದು ಒಳಗೊಳಗೇ ಉಬ್ಬಿದ್ದೂ ನಿಜ.

ಆರೇಳು ವಾರ ಕಳೆದಿರಬೇಕು. ಬೀಬಿಯ ಮಗ ಒಂದು ಭಾನುವಾರ ಬಂದು ಬಾಗಿಲಲ್ಲೇ ನಿಂತ. "ಆಂಟಿ, ಆ ಮೀಟಿಂಗಿನಲ್ಲಿ ಅವರು ನಿಜವಾಗಿ ಏನು ಹೇಳಿದರು? ಫೈಲು ಯಾರ ಬಳಿ ಇದೆಯಂತೆ?"

"ಯಾರ ಬಳಿಯೂ ಇಲ್ಲಪ್ಪಾ. ಸಸ್ಪೆಂಡ್ ಆಗಿದೆ ಅಂದರು, ಅಷ್ಟೇ."

"ಅಮ್ಮ ಅಮಾನತ್ ಅನ್ನುತ್ತಾರೆ."

"ಹೌದು. ಅಮಾನತು. ಸಸ್ಪೆಂಡ್."

ಅವನು ತಲೆಯ ಮೇಲೆ ಕೈಯಿಟ್ಟುಕೊಂಡು ನಮ್ಮ ಶೂ ರ‍್ಯಾಕಿನ ಪಕ್ಕದ ಸ್ಟೂಲಿನ ಮೇಲೆ ಕುಸಿದ. ಆಮೇಲೆ ಬಿಡಿಸಿ ಹೇಳಿದ. ಅವರಲ್ಲಿ ಹಜ್‌ಗೆ ಹೊರಟವರು ಮನೆಯ ಕೀಲಿಕೈಯನ್ನು ನೆರೆಯವರಿಗೆ ಒಪ್ಪಿಸಿ ಹೋಗುತ್ತಾರಲ್ಲ, ಅದು ಅಮಾನತ್. ತಾಯಿ ಸಾಯುವಾಗ ಮಗುವನ್ನು ತಂಗಿಯ ಮಡಿಲಲ್ಲಿ ಇಡುತ್ತಾಳಲ್ಲ, ಅದು. ಪ್ರಾಣ ಹೋದರೂ ಕಾದು, ಕೇಳಿದಾಗ ಮರಳಿ ಕೊಡಬೇಕಾದದ್ದು. ಅಮೆರಿಕ ಸರ್ಕಾರ ನಿನ್ನ ಫೈಲನ್ನು ಅಮಾನತ್ ಆಗಿ ಇಟ್ಟುಕೊಂಡಿದೆ, ವಕೀಲೆಯೇ ತುಂಬಿದ ಸಭೆಯಲ್ಲಿ ಹೇಳಿದ್ದಾಳೆ, ಅದನ್ನು ಬಿಟ್ಟು ಇನ್ನೊಬ್ಬರ ಮನೆಗೆ ಹೋಗುವುದು ಅವಮಾನ ಎಂದು ಬೀಬಿ ಮಗಳಿಗೆ ಹೇಳಿದ್ದರು. ಮಗನ ಮಾತಿಗೆ, "ನೀನು ಅಲ್ಲಿರಲಿಲ್ಲ. ಹಿಂದೂಸ್ತಾನದ ಬೆಹನ್‌ಜೀ ಕಿವಿಯಾರೆ ಕೇಳಿದ್ದಾರೆ," ಎಂದಿದ್ದರು. ಕೆನಡಾದವರು ಹಿಂದಿನ ವಾರ ಬೇರೊಂದು ಕುಟುಂಬವನ್ನು ಆರಿಸಿಕೊಂಡಿದ್ದರು.

"ನಾನೇ ಈಗ ಬಂದು ಹೇಳುತ್ತೇನೆ," ಎಂದು ಚಪ್ಪಲಿ ಹುಡುಕಿದೆ. ಅವನು ಅಡ್ಡ ನಿಂತ. "ಬೇಡ ಆಂಟಿ. ಹೋದದ್ದು ಹೋಯಿತು. ಆ ಒಂದು ಪದವನ್ನೂ ಕಿತ್ತುಕೊಂಡರೆ ಅವರಿಗೆ ಏನು ಉಳಿಯುತ್ತದೆ? ನನ್ನಾಣೆ, ಹೇಳಬೇಡಿ."

ಹೇಳಲಿಲ್ಲ. ಆ ಮೇಲಿನ ಐದು ತಿಂಗಳನ್ನು ನಾನು ಹೇಗೆ ಕಳೆದೆನೋ. ಬೀಬಿ ಎಂದಿನಂತೆ ಬರುತ್ತಿದ್ದರು, ಏಲಕ್ಕಿ ಹಾಕಿದ ಹಸಿರು ಚಹದ ಥರ್ಮಾಸು ಹಿಡಿದು. ಬಾಗಿಲು ತಟ್ಟಿದಾಗ ನಿದ್ದೆ ಬಂದವಳಂತೆ ಮಲಗಿರುತ್ತಿದ್ದೆ, ಗೋಡೆಯಾಚೆ ನನ್ನ ಕೆಮ್ಮು ಅವರಿಗೆ ಕೇಳಿಸುತ್ತದೆಂದು ಗೊತ್ತಿದ್ದೂ. ಎಲ್ಲಿಗಾದರೂ ಹೋಗೋಣವೆಂದರೆ ಡ್ರೈವಿಂಗ್ ಬಾರದು. ಸುತ್ತ ಫ್ರೀವೇ. ಕಾಂಪ್ಲೆಕ್ಸಿನೊಳಗೆ ಗಿರಕಿ ಹೊಡೆದರೆ ನಾಲ್ಕು ಸುತ್ತಿಗೊಮ್ಮೆ ಅವರ ಬಾಲ್ಕನಿಯ ಕೆಳಗೇ ಬರಬೇಕು. ಸಿಕ್ಕಾಗಲೆಲ್ಲ ಅವರು ನನ್ನನ್ನು ನಿಲ್ಲಿಸಿ ಕೇಳುತ್ತಿದ್ದರು, "ಅಮಾನತ್ ಅಲ್ಲವೇ ಬೆಹನ್‌ಜೀ?" ನಾನು ನೆಲ ನೋಡಿ "ಹೌದು" ಎನ್ನುತ್ತಿದ್ದೆ. ನಾವು ಹಿಂದೂಗಳು, ನನಗೆ ಚರ್ಚಿನ ಹಂಗಿಲ್ಲ. ಆದರೆ ಶಾಲೆಯ ಚಾಪೆಲ್ಲಿನಲ್ಲಿ ಕ್ರಿಶ್ಚಿಯನ್ ಗೆಳತಿಯರು ಕನ್ಫೆಷನ್ನಿನ ಪೆಟ್ಟಿಗೆಯೊಳಗೆ ಹೋಗಿ, ಎರಡೇ ನಿಮಿಷದಲ್ಲಿ ಹಗುರಾಗಿ ಬರುತ್ತಿದ್ದುದು ಆಗ ಬಹಳ ನೆನಪಾಗುತ್ತಿತ್ತು. ಹೊಟ್ಟೆಕಿಚ್ಚಾಗುತ್ತಿತ್ತು.

ಇಸ್ಲಾಮಾಬಾದಿನ ಸುದ್ದಿಯೂ ಕೆಡುತ್ತ ಬಂತು. ವೀಸಾ ಮುಗಿದ ಅಫ್ಘನ್ನರನ್ನು ಪೊಲೀಸರು ಮನೆಮನೆಗೆ ಬಂದು ಹುಡುಕುತ್ತಿದ್ದರು. ಮಗಳು, ಮಕ್ಕಳು ಹಗಲು ಕಿಟಕಿಯನ್ನೂ ತೆಗೆಯುತ್ತಿರಲಿಲ್ಲವಂತೆ. ಬೀಬಿಯ ಸೊಸೆ ಹೋದ ವಾರ ಹೇಳಿದ್ದೂ ಅದನ್ನೇ: ಅದೇ ಕೋಣೆ, ಅದೇ ಮುಚ್ಚಿದ ಕಿಟಕಿ, ದೊಡ್ಡ ಹುಡುಗಿಗೆ ಈಗ ಹದಿನಾಲ್ಕು.

ಫ್ರೀಮಾಂಟಿನ ಬಾಡಿಗೆ ತಾಳಲಾರದೆ ಬೀಬಿಯ ಮಗ ಸ್ಯಾಕ್ರಮೆಂಟೊಗೆ ಮನೆ ಬದಲಿಸಿದ. ಹೊರಡುವ ದಿನ ಬೆಳಿಗ್ಗೆ ಅವನು ವ್ಯಾನಿಗೆ ಸಾಮಾನು ತುಂಬುತ್ತಿದ್ದ. ಬೀಬಿ ಕೆಳಗೆ ಪಾರ್ಕಿಂಗಿನ ಕಲ್ಲುಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ನಾನು ಆಣೆ ಮುರಿದೆ. ಪಕ್ಕದಲ್ಲಿ ಕೂತು, ತಡವರಿಸುತ್ತ, ಎಲ್ಲ ಹೇಳಿದೆ. ನಮ್ಮ ಭಾಷೆಯಲ್ಲಿ ಅಮಾನತು ಅಂದರೆ ಕಾಪಾಡಿ ಇಡುವುದಲ್ಲ, ಕೆಲಸದಿಂದ ತೆಗೆದು ಹೊರಗೆ ಕೂರಿಸುವುದು ಎಂದೆ. ನನ್ನ ತಪ್ಪಿನಿಂದ ನಿಮ್ಮ ಮಗಳ ದಾರಿ ಮುಚ್ಚಿತು ಎಂದೆ.

ಅವರು ನನ್ನ ಕಡೆ ತಿರುಗಲಿಲ್ಲ. "ಮೂರನೇ ದಿನವೇ ಸೊಸೆ ಹೇಳಿದ್ದಳು," ಎಂದರು. "ಸಸ್ಪೆಂಡ್ ಅಂದರೆ ಏನೆಂದು ಫೋನಿನಲ್ಲಿ ತೋರಿಸಿದ್ದಳು. ಗಂಡನಿಗೆ ಹೇಳಬೇಡ ಎಂದು ಅವಳಿಂದ ಆಣೆ ಹಾಕಿಸಿಕೊಂಡೆ."

ಅವರೇ ಮುಂದುವರಿಸಿದರು.

"ಕೆನಡಾ ದೂರವಲ್ಲ ಬೆಹನ್‌ಜೀ. ಆದರೆ ನನ್ನ ಕಾಗಜ್ ಹಿಡಿದು ಗಡಿ ದಾಟಿದರೆ ಮರಳಿ ಒಳಗೆ ಬಿಡುವುದಿಲ್ಲ. ಅವಳು ಆಚೆ ಇರುತ್ತಾಳೆ, ನಾನು ಈಚೆ ಸಾಯುತ್ತೇನೆ. ಆ ಮೂವರನ್ನು ಒಂದು ಸಲ ಮುಟ್ಟಬೇಕಿತ್ತು ನನಗೆ. ಆಗ ನೀವು ಅಮಾನತ್ ಎಂದಿರಿ. ನನಗೆ ಬೇಕಾದ ಪದ ಅದು. ತೆಗೆದುಕೊಂಡೆ." ಆಮೇಲೆ, ಪಾಠ ಒಪ್ಪಿಸಲು ಎಬ್ಬಿಸಿದ ಹುಡುಗಿಯನ್ನು ಕೇಳುವಂತೆ ನನ್ನನ್ನು ಕೇಳಿದರು: "ನೀವು ಸರಿಯಾದ ಪದವನ್ನೇ ಹೇಳಿದ್ದರೆ ನಾನು ಅವಳನ್ನು ಕಳಿಸುತ್ತಿದ್ದೆನೇ?"

ಕಳಿಸುತ್ತಿದ್ದಿರಿ ಎಂದರೆ ತಪ್ಪು ನನ್ನದಾಗುತ್ತಿತ್ತು, ಇಲ್ಲ ಎಂದರೆ ಅವರದು. ನಾನು ಜವಾಬು ಹುಡುಕುತ್ತಿರುವಾಗಲೇ ಅವರ ಮಗ ವ್ಯಾನಿನ ಹಾರನ್ ಒತ್ತಿದ.

ವ್ಯಾನಿನ ಸೀಟು ಎತ್ತರ. ಹಿಂದಿನಿಂದ ಆಸರೆ ಕೊಟ್ಟು ಹತ್ತಿಸಿದೆ. ಸೀಟ್ ಬೆಲ್ಟಿನ ಕೊಂಡಿ ಅವರ ಕೈಗೆ ಸಿಗುತ್ತಿರಲಿಲ್ಲ. ನಾನೇ ಒಳಗೆ ಬಗ್ಗಿ, ಅವರ ಮಡಿಲ ಮೇಲಿಂದ ಎಳೆದು ಸಿಕ್ಕಿಸಿದೆ. ಬಹಳ ಬಿಗಿಯಾಯಿತೇ ಎಂದು ಕೇಳಿದೆ. "ಬಿಗಿಯಾಗಿದೆ," ಎಂದರು ಬೀಬಿ, "ಇರಲಿ." ವ್ಯಾನು ಹೊರಟಿತು, ಫ್ರೀವೇ ಕಡೆಗೆ ಹೊರಳಿತು. ಅವರು ಹಿಂದಿರುಗಿ ನೋಡಲಿಲ್ಲ. ನಾನು ಹಾಕಿದ ಆ ಬೆಲ್ಟಿನಲ್ಲಿ ಹಿಂದಿರುಗಲು ಆಗುತ್ತಲೂ ಇರಲಿಲ್ಲ.